ಒಂದೇ ಹೊಳ್ಳಿಯಿಂದ ನಾರೋ ಸಿಂಬಳ: ಯಾರರ ಕಂಡೀರೇನು?

ಕೇಳಿದವರು, ಸಿಂಧನೂರು ತಾಲ್ಲೂಕು:
ಮಗಳಿಗೆ 3 ವರ್ಷ. ಎಡಗಡಿ ಹೊಳ್ಳಿಯಿಂದ ಅಷ್ಟೇ ಹಳದಿ ಸಿಂಬಳ ಇಳೀತದ. ಎತ್ತಿಕೊಂಡ್ರ ಸಾಕು, ಕೆಟ್ಟ ನಾತ. ನೆಗಡಿ ಸಿರಪ್ ಬದಲು ಮಾಡಿದ್ರೂ ಕಡಿಮಿ ಇಲ್ಲ. ನಮ್ಮತ್ತಿ ಬೆಳ್ಳುಳ್ಳಿ ಎಣ್ಣಿ ಬಿಡು ಅಂತಾರ. ರಾಯಚೂರಿಗೇ ಹೋಗಬೇಕೇನು?

ರಾಯಚೂರು, ಕಿವಿ-ಮೂಗು-ಗಂಟಲು ವಿಭಾಗದಾಗ ಸಿಸ್ಟರ್ ಆಗಿದ್ದವರು:
ತಂಗಿ, ಎಣ್ಣಿ ಬ್ಯಾಡ. ನೆಗಡಿ ಆದ್ರ ಸಾಮಾನ್ಯವಾಗಿ ಎರಡೂ ಹೊಳ್ಳಿ ಸುರೀತಾವ. ಸಣ್ಣ ಕೂಸಿಗೆ ಒಂದೇ ಕಡಿ ನಾರ್ತದ ಅಂದ್ರ ಒಳಗ ಏನೋ ಕುಂತದ ಅಂತನೇ ಮೊದಲು ನೋಡಬೇಕು. ನಾವು ಮಣಿ, ರಬ್ಬರು, ಹುಣಸಿ ಬೀಜ ತೆಗಿಸಿದ್ದು ಲೆಕ್ಕ ಇಲ್ಲ. ಸ್ಪಂಜಿನ ತುಂಡು ಇದ್ರ ಭಾಳ ಲಗೂ ನಾರ್ತದ. ಕಡ್ಲಿ, ಅಲಸಂದಿ ಇದ್ರ ನೀರು ಕುಡದು ಉಬ್ಬಿ ಬಿಗಿಯಾಗ್ತಾವ. ಚಿಮಟ ಹಾಕಬ್ಯಾಡ್ರಿ. ಗುಂಡನ ವಸ್ತು ಜಾರಿ ಹಿಂದಕ್ಕ ಹೋದ್ರ ಉಸಿರಿನ ದಾರಿಗೇ ಇಳೀಬಹುದು. ದವಾಖಾನ್ಯಾಗ ತುದಿ ಬಾಗಿದ ಕೊಕ್ಕಿ ಅದರ ಹಿಂದಕ್ಕ ಸರಿಸಿ ಮುಂದಕ್ಕ ಎಳೀತಾರ.

ಒಂದು ಮಾತು ಈಗಲೇ ನೋಡ್ರಿ: ಆಟಿಗಿ ಸಾಮಾನು, ರಿಮೋಟಿನ ಗುಂಡನ ಸೆಲ್ ಯಾವುದರ ಕಾಣಿಸ್ತಿಲ್ಲೇನು? ಆ ಸೆಲ್ ಹಸಿ ಜಾಗಕ್ಕ ತಾಗಿದ ಕೂಡ್ಲೆ ಕರೆಂಟ್ ಹರದು ಕ್ಷಾರ ಹುಟ್ಟತದ. ಕೆಲವೇ ತಾಸಿನಾಗ ಮೂಗಿನ ನಡುಗೋಡಿ ಸುಡತದ, ಮುಂದ ತೂತು ಬೀಳತದ. ಅನುಮಾನ ಇದ್ರ ಯಾವ ಡ್ರಾಪ್ಸೂ ಹಾಕದ ನಡುರಾತ್ರಿ ಆದ್ರೂ ಹೊರಡ್ರಿ.

ಕೊಪ್ಪಳ, ಕುರಿ ಸಾಕಣೆದಾರರು:
ಅಕ್ಕಾರ ಕೇಳಿದ್ದು ಮೂಗಿಂದು, ನಂದು ಕಿವೀದು, ಆದ್ರೂ ಹೇಳ್ತೀನಿ. ಹಟ್ಟ್ಯಾಗ ಮಲಗತಿದ್ದ ನಮ್ಮ ದೊಡ್ಡಪ್ಪಗ ಕಿವಿ ಸಿಡೀತು, ಆಮ್ಯಾಲ ಅದೇ ಕಡಿ ಬಾಯಿ ಸೊಟ್ಟಾತು. ಎಲ್ಲಾರೂ ಲಕ್ವ ಅಂದ್ರು. ಡಾಕ್ಟರು ಬ್ಯಾಟರಿ ಹಾಕಿ ನೋಡಿದ್ರ ಕಿವಿ ತಮಟಿಗೆ ಅಂಟಿ ಉಣ್ಣಿ ಕಚ್ಚಿಕೊಂಡಿತ್ತು! ತೆಗೆದ ಮ್ಯಾಲ ಬಾಯಿ ಮೆಲ್ಲಕ ನೆಟ್ಟಗಾತು.

ಸಿಸ್ಟರ್:
ಅಪರೂಪ, ಆದ್ರ ಖರೇ. ಇರುವಿ, ಜಿರಳಿ ಹೊಕ್ರ ಕೊಬ್ಬರಿ ಎಣ್ಣಿ ಹನಿ ಬಿಟ್ಟು ಸಾಯಿಸಬಹುದು, ಕಿವಿ ಸೋರೋರಿಗೆ ಮಾತ್ರ ಬಿಡಂಗಿಲ್ಲ. ಉಣ್ಣಿ ಕಚ್ಚಿ ಹಿಡೀತದ, ಅದನ್ನ ಮನ್ಯಾಗ ಕೀಳಬ್ಯಾಡ್ರಿ.

ಬಳ್ಳಾರಿ, ಇಬ್ಬರು ಮಕ್ಕಳ ತಾಯಿ:
ನಮ್ಮ ಚಿಕ್ಕೋನಿಗೆ ಕೆಮ್ಮು ಹೋಗ್ಲೇ ಇಲ್ಲ, ಉಬ್ಬಸ ಅಂತ ಔಷಧಿ ನಡೀತಿತ್ತು. ಎಕ್ಸ್‌ರೇನಲ್ಲಿ ಏನೂ ಇಲ್ಲ. ಬೇರೆ ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು, ಬಲಗಡೆ ಮಾತ್ರ ಸುಯ್ ಅಂತೈತೆ, ಏನಾದ್ರೂ ತಿನ್ನುವಾಗ ನೆತ್ತಿ ಹತ್ತಿತ್ತಾ ಅಂತ ಕೇಳಿದ್ರು. ಶೇಂಗಾ ತಿನ್ನುವಾಗ ಹತ್ತಿತ್ತು ಅಂತ ನಮ್ಮಮ್ಮ ಆವಾಗ ನೆನಪು ಮಾಡ್ಕೊಂಡ್ರು. ಶೇಂಗಾ ಎಕ್ಸ್‌ರೇಯಲ್ಲಿ ಕಾಣಲ್ಲವಂತೆ. ಮತ್ತು ಬರೋ ಔಷಧಿ ಕೊಟ್ಟು, ಬಾಯಿಂದ ಕೊಳವೆ ಇಳಿಸಿ ಅರ್ಧ ಬೇಳೆ ತೆಗೆದ್ರು. ನಮ್ಮ ಕಡೆ ಮಕ್ಕಳ ಕೈಗೆ ಶೇಂಗಾ ಕೊಡೋದು ಎಷ್ಟು ಸಲೀಸು ನೋಡಿ.

ಸಿಸ್ಟರ್:
ದೊಡ್ಡವರಿಗೂ ಒಂದು ಹೇಳಿಬಿಡ್ತೀನಿ: ಒಂದೇ ಹೊಳ್ಳ್ಯಾಗ ಮ್ಯಾಲಿಂದ ಮ್ಯಾಲ ರಕ್ತ ಬಂದ್ರ ಉಷ್ಣ ಅಂತ ಕುಂದರಬ್ಯಾಡ್ರಿ. ಕೆರಿ ನೀರಾಗ ಮುಳುಗಿ ಜಳಕ ಮಾಡೋರಿಗೆ ರೈನೋಸ್ಪೊರಿಡಿಯೋಸಿಸ್ ಅಂತ ಕೆಂಪು ಗಡ್ಡಿ, ಮ್ಯಾಲ ಬಿಳಿ ಚುಕ್ಕಿ ಬೆಳೀತದ. ಗುಳಿಗಿಗೆ ಹೋಗಂಗಿಲ್ಲ, ಕತ್ತರಿಸಿ ಬುಡ ಸುಡಬೇಕು.

ತಂಗಿ, ಸಿಂಧನೂರಾಗ ಕಿವಿ-ಮೂಗಿನ ಡಾಕ್ಟರು ಸಿಕ್ರ ನಾಳೆ ಮುಂಜಾನಿ ಅಲ್ಲೇ ತೋರಸ್ರಿ. ಮತ್ತು ಕೊಟ್ಟು ತೆಗೀಬೇಕು ಅಂದ್ರ ರಾಯಚೂರಿನ ಸರಕಾರಿ ದವಾಖಾನಿ ರಿಮ್ಸ್‌ಗೆ ಬರ್ರಿ. ಹೋಗೋ ಮುಂದ ಹೊಟ್ಟಿ ತುಂಬ ಉಣ್ಸಬ್ಯಾಡ್ರಿ. ಇನ್ನೊಂದು ಹೊಳ್ಳಿ, ಎರಡೂ ಕಿವಿ ಸಹ ನೋಡ್ರಿ ಅಂತ ನೀವೇ ಕೇಳ್ರಿ. ಒಂದು ತುರುಕಿದ ಕೂಸು ಎರಡು ತುರುಕಿರತದ.