ಚೀನೀ ಸಿಹಿತಿನಿಸುಗಳ ‘ಹೊಂಗ್ ತಾಂಗ್’: ಬೆಲ್ಲವೋ, ಕಂದು ಸಕ್ಕರೆಯೋ?

ಮಾನ್ಯ ಸದಸ್ಯರೇ,

ಚೀನಾದ ಸಿಹಿತಿನಿಸುಗಳ ಬಗ್ಗೆ ಕನ್ನಡದಲ್ಲಿ ಬರೆಯುವಾಗ ‘ಹೊಂಗ್ ತಾಂಗ್’ ಎಂಬ ಪದಾರ್ಥವನ್ನು ಏನೆಂದು ಕರೆಯಬೇಕು ಎಂಬುದು ನನ್ನ ಪ್ರಶ್ನೆ. ಅಕ್ಷರಶಃ ಅದು ‘ಕೆಂಪು ಸಕ್ಕರೆ’. ಇಂಗ್ಲಿಷಿನ ಮೂಲಕ ಬಂದ ಬರಹಗಳಲ್ಲಿ ಅದು ‘ಕಂದು ಸಕ್ಕರೆ’ಯಾಗಿಬಿಡುತ್ತದೆ. ಅಂಗಡಿಯಲ್ಲಿ ಆ ಹೆಸರಿನಿಂದ ಸಿಗುವುದು ಸಾಮಾನ್ಯವಾಗಿ ಬಿಳಿ ಸಕ್ಕರೆಗೆ ಕಾಕಂಬಿಯನ್ನು ಮತ್ತೆ ಬೆರೆಸಿದ್ದು. ಹೊಂಗ್ ತಾಂಗ್ ಆದರೋ, ಕಬ್ಬಿನ ಹಾಲನ್ನು ಕೊಪ್ಪರಿಗೆಯಲ್ಲಿ ಕಾಯಿಸಿ, ಮೇಲೆ ಬರುವ ಮಡ್ಡಿಯನ್ನು ತೆಗೆದು, ಕಾಕಂಬಿಯನ್ನು ಬೇರ್ಪಡಿಸದೆ ಹಾಗೆಯೇ ಗಟ್ಟಿಗೊಳಿಸಿದ್ದು. ಆಲೆಮನೆಯನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. (‘ಬ್ರೌನ್ ಶುಗರ್’ ಎಂದೇ ಬರೆಯೋಣವೆಂದರೆ, ನಮ್ಮ ಪತ್ರಿಕೆಗಳಲ್ಲಿ ಆ ಮಾತು ಪೊಲೀಸರು ವಶಪಡಿಸಿಕೊಂಡ ಮಾದಕವಸ್ತುವಿಗೆ ಮೀಸಲಾಗಿದೆ.)

ತೊಡಕು ಹುಟ್ಟುವುದು ಎರಡು ಭಾಷೆಗಳ ವಿಂಗಡಣೆ ಬೇರೆ ಬೇರೆಯಾಗಿರುವುದರಿಂದ. ಚೀನೀ ಭಾಷೆಯಲ್ಲಿ ‘ತಾಂಗ್’ ಎಂಬ ಒಂದೇ ಪದದ ಹಿಂದೆ ಕೆಂಪು, ಬಿಳಿ, ಮಂಜುಗಡ್ಡೆ ಎಂಬ ವಿಶೇಷಣಗಳು ಸೇರಿ ಬಗೆಗಳನ್ನು ಹೇಳುತ್ತವೆ. ಕನ್ನಡವಾದರೋ ಬೆಲ್ಲಕ್ಕೂ ಸಕ್ಕರೆಗೂ ಮೊದಲಿನಿಂದಲೇ ಬೇರೆ ಪದಗಳನ್ನು ಇಟ್ಟುಕೊಂಡಿದೆ. ಆದ್ದರಿಂದ ‘ಕೆಂಪು ಸಕ್ಕರೆ’ ಎಂದರೆ ಪದಕ್ಕೆ ನಿಷ್ಠರಾಗಿರುತ್ತೇವೆ, ಪದಾರ್ಥಕ್ಕಲ್ಲ. ಸಿಚುವಾನ್ ಕಡೆಯ ‘ತ್ಸಿಬಾ’ ಎಂಬ, ಅಂಟಕ್ಕಿಯನ್ನು ಬೇಯಿಸಿ ಕುಟ್ಟಿ ಕರಿದ ತಿನಿಸಿನ ಮೇಲೆ ಸುರಿಯುವುದನ್ನು, ಅದೇ ಸೀಮೆಯಲ್ಲಿ ಬೇಸಿಗೆಯಲ್ಲಿ ತಿನ್ನುವ ‘ಬಿಂಗ್ ಫೆನ್’ ಎಂಬ ತಣ್ಣನೆಯ ಲೋಳೆಗೆ ಹಾಕುವುದನ್ನು, ಬಾಣಂತಿಯರಿಗೆ ಶುಂಠಿಯೊಡನೆ ಕುದಿಸಿ ಕೊಡುವುದನ್ನು ‘ಬೆಲ್ಲದ ಪಾಕ’, ‘ಶುಂಠಿ ಬೆಲ್ಲದ ನೀರು’ ಎಂದರೆ ಕನ್ನಡ ಓದುಗರ ನಾಲಗೆಗೇ ಅರ್ಥವಾಗುತ್ತದೆ.

ಪರದೇಶದ ವಸ್ತುವಿಗೆ ನಮ್ಮ ಹೆಸರನ್ನು ಅಂಟಿಸಿದಂತಾಗದೇ ಎಂಬ ಆಕ್ಷೇಪ ಬರಬಹುದು. ಆದರೆ ಈ ವಸ್ತುವಿನ ಮಟ್ಟಿಗೆ ನಂಟು ಹಳೆಯದು: ಕ್ರಿ. ಶ. 647ರಲ್ಲಿ ತಾಂಗ್ ವಂಶದ ಚಕ್ರವರ್ತಿ ತೈತ್ಸೊಂಗ್, ಕಬ್ಬಿನ ಹಾಲು ಕಾಯಿಸುವ ವಿಧಾನವನ್ನು ಕಲಿತು ಬರಲು ಮಗಧಕ್ಕೆ ದೂತರನ್ನು ಕಳುಹಿಸಿದನೆಂದೂ, ಚೀನಾದ್ದೇ ಆದ ಯಾಂಗ್‌ಚೌ ಊರಿನ ಕಬ್ಬಿನಿಂದ ತಯಾರಾದದ್ದು ಬಣ್ಣದಲ್ಲೂ ರುಚಿಯಲ್ಲೂ ಪಡುವಣ ನಾಡುಗಳದಕ್ಕಿಂತ ಎಷ್ಟೋ ಮೇಲಾಗಿತ್ತೆಂದೂ ಆ ವಂಶದ ಚರಿತ್ರೆ ಹೇಳುತ್ತದೆ. ಎರಡನೆಯ ಮಾತಿನಲ್ಲಿ ಸ್ವದೇಶಾಭಿಮಾನದ ಪಾಲೆಷ್ಟೋ!

ಇಷ್ಟರಮಟ್ಟಿಗೆ ನನಗೆ ಸಂದೇಹವಿಲ್ಲ. ‘ಬಿಂಗ್ ತಾಂಗ್’ಗೆ, ಅಂದರೆ ‘ಮಂಜುಗಡ್ಡೆ ಸಕ್ಕರೆ’ಗೆ, ಕಲ್ಲುಸಕ್ಕರೆ ಎಂಬ ಪದ ಸಿದ್ಧವಾಗಿಯೇ ಇದೆ. ಸಲಹೆ ಬೇಕಾಗಿರುವುದು ಉಳಿದ ಎರಡಕ್ಕೆ. ಮೊದಲನೆಯದು ‘ಹೇ ತಾಂಗ್’, ಅಂದರೆ ‘ಕಪ್ಪು ಸಕ್ಕರೆ’. ತೈವಾನಿನಲ್ಲಿ ಮರಗೆಣಸಿನ ಪಿಷ್ಟದ ಗುಂಡುಗಳನ್ನು ಇದರ ಪಾಕದಲ್ಲಿ ನೆನೆಸಿ ಹಾಲಿಗೆ ಹಾಕುತ್ತಾರೆ. ಇದನ್ನು ‘ಕಪ್ಪು ಬೆಲ್ಲ’ ಎನ್ನಬಹುದು, ಆದರೆ ನಮ್ಮಲ್ಲಿ ಆ ಮಾತಿಗೆ ಕಳಪೆ ಬೆಲ್ಲವೆಂಬ, ಕಳ್ಳಭಟ್ಟಿಯ ನಂಟಿನ ಛಾಯೆಯಿದೆ. ಕರಾವಳಿಯವರಿಗೆ ಅದು ತಾಳೆಬೆಲ್ಲವನ್ನೂ ನೆನಪಿಸಬಹುದು.

ಎರಡನೆಯದು ಇನ್ನೂ ಕಠಿಣ. ಕ್ಯಾಂಟನ್ ಸೀಮೆಯವರು ಹೊಸವರ್ಷದ ‘ನಿಯೆನ್ ಗಾವ್’ ಎಂಬ, ಅಂಟಕ್ಕಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿದ ಕಡುಬಿಗೆ ‘ಪಿಯೆನ್ ತಾಂಗ್’ ಎಂಬ ಪಟ್ಟಿಯಾಕಾರದ ಬಿಲ್ಲೆಗಳನ್ನು ಬಳಸುತ್ತಾರೆ. ಇದರಲ್ಲಿ ಒಂದು ಬಗೆ ಕಬ್ಬಿನ ಹಾಲಿನಿಂದಲೇ ಆದದ್ದು. ಅದನ್ನು ‘ಪಟ್ಟಿ ಬೆಲ್ಲ’ ಎನ್ನಲು ಅಡ್ಡಿಯಿಲ್ಲ. ಆದರೆ ‘ಬಿಂಗ್ ಪಿಯೆನ್ ತಾಂಗ್’ ಎಂಬ ಇನ್ನೊಂದು ಬಗೆಯನ್ನು ಕಲ್ಲುಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಪಾಕದಿಂದ ಮಾಡುತ್ತಾರೆ. ನೋಟಕ್ಕೆ ಬೆಲ್ಲ, ಹುಟ್ಟಿನಿಂದ ಸಕ್ಕರೆ. ‘ಅಚ್ಚುಬೆಲ್ಲ’ ಎನ್ನೋಣವೆಂದರೆ ಅದು ಅಚ್ಚಿನಲ್ಲಿ ಎರೆದ ನಮ್ಮದೇ ಬೆಲ್ಲಕ್ಕೆ ರೂಢವಾಗಿದೆ.

ಎರಡು ಬಗೆಗೂ ‘ಪಟ್ಟಿ ಬೆಲ್ಲ’ ಎಂದು ಬರೆದು ಭೇದವನ್ನು ಅಡಿಟಿಪ್ಪಣಿಗೆ ಬಿಡುವುದು ಸರಿಯೇ, ಅಥವಾ ಎರಡನೆಯದನ್ನು ‘ಪಟ್ಟಿ ಸಕ್ಕರೆ’ ಎಂದು ಬೇರ್ಪಡಿಸಬೇಕೇ? ಕಲ್ಲುಸಕ್ಕರೆ ತಯಾರಿಸುವ ಕಡೆ ಆ ಉಳಿಕೆ ಪಾಕಕ್ಕಾಗಲಿ, ಅದನ್ನು ಗಟ್ಟಿ ಮಾಡಿದ ಬಿಲ್ಲೆಗಾಗಲಿ ಕನ್ನಡದ ಕಸುಬುಗಾರರಲ್ಲಿ ಹೆಸರಿದ್ದರೆ, ತಿಳಿದವರು ಊರಿನ ಹೆಸರಿನೊಡನೆ ದಯವಿಟ್ಟು ತಿಳಿಸಬೇಕು.