ಇಬ್ಬರು ಅಮ್ಮಂದಿರ ಮನೆಯ ಕಥೆ: ಯಾವ ಪುಸ್ತಕ, ಕನ್ನಡದಲ್ಲಿ ಹೇಗೆ ಹೇಳೋದು?

ಕಥೆಚೀಲ, ಚಿಕ್ಕಮಗಳೂರು
ಶನಿವಾರದ ಕಥೆ ಗುಂಪಿಗೆ 3ರಿಂದ 8 ವರ್ಷದ ಮಕ್ಕಳು ಬರ್ತಾರೆ. ಇಬ್ಬರು ಅಮ್ಮಂದಿರು ಅಥವಾ ಇಬ್ಬರು ಅಪ್ಪಂದಿರು ಇರೋ ಮನೆಯ ಚಿತ್ರಪುಸ್ತಕ ಬೇಕು. ಇಂಗ್ಲಿಷಿನದಾದರೆ ಕನ್ನಡದಲ್ಲಿ ಓದಿ ಹೇಳಬೇಕಾಗುತ್ತೆ. ಏನು ತರಿಸಲಿ? ಪುಸ್ತಕ ನಮ್ಮ ಮಳೆಗಾಲದ ಥಂಡಿ ತಡ್ಕೋಬೇಕು ಅನ್ನೋದೂ ನೆನಪಿರಲಿ.

ಓದುಮನೆ, ಹಾಸನ
ತೀರಾ ಚಿಕ್ಕವರಿಗೆ ಲೆಸ್ಲಿಯಾ ನ್ಯೂಮನ್ ಅವರ 'ಮಮ್ಮಿ, ಮಾಮಾ, ಅಂಡ್ ಮಿ', ಅಪ್ಪಂದಿರ ಜೋಡಿಗೆ 'ಡ್ಯಾಡಿ, ಪಾಪಾ, ಅಂಡ್ ಮಿ'. ಎರಡೂ 2009ರವು, ರಟ್ಟಿನ ಪುಟ. ಕಥೆ ಅಂತ ಏನಿಲ್ಲ, ಮಗುವಿನ ಒಂದು ದಿನ ಅಷ್ಟೆ. ಆ ವಯಸ್ಸಿಗೆ ಅಷ್ಟು ಸಾಕು.

ಅವರದ್ದೇ 'ಹೆದರ್ ಹ್ಯಾಸ್ ಟೂ ಮಮ್ಮೀಸ್' 1989ರದ್ದು. ಸೆಕೆಂಡ್ ಹ್ಯಾಂಡ್ ಕೊಳ್ಳೋದಾದರೆ ಯಾವ ಮುದ್ರಣ ಅಂತ ನೋಡಿ. ಮೊದಲ ಮುದ್ರಣದಲ್ಲಿ ಹೆದರ್ ಹುಟ್ಟಿದ್ದು ಹೇಗೆ ಅನ್ನೋ ಭಾಗ ಇದೆ, ಆಮೇಲೆ ತೆಗೆದರು. 2015ರ ಬಣ್ಣದ ಮುದ್ರಣ ಗುಂಪಿನಲ್ಲಿ ಓದೋಕೆ ಸಲೀಸು.

5 ದಾಟಿದವರಿಗೆ 'ಅಂಡ್ ಟ್ಯಾಂಗೊ ಮೇಕ್ಸ್ ಥ್ರೀ' (2005). ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಮೃಗಾಲಯದಲ್ಲಿ ನಿಜವಾಗಿ ನಡೆದದ್ದು: ಎರಡು ಗಂಡು ಪೆಂಗ್ವಿನ್ ಕಲ್ಲಿಗೆ ಕಾವು ಕೊಡುತ್ತಾ ಕೂತಿದ್ದವು, ಮೃಗಾಲಯದವರು ನಿಜವಾದ ಮೊಟ್ಟೆ ತಂದಿಟ್ಟರು. ಒಂದೇ ಪುಸ್ತಕ ತರಿಸೋದಾದರೆ ನನ್ನ ಓಟು 'ಸ್ಟೆಲ್ಲಾ ಬ್ರಿಂಗ್ಸ್ ದ ಫ್ಯಾಮಿಲಿ'ಗೆ (2015). ಶಾಲೆಯ ತಾಯಂದಿರ ದಿನಕ್ಕೆ ಇಬ್ಬರು ಅಪ್ಪಂದಿರ ಮಗಳು ಯಾರನ್ನ ಕರ್ಕೊಂಡು ಹೋಗಬೇಕು ಅನ್ನೋದು ಪೇಚು. ನಮ್ಮ ಶಾಲೆಗಳಲ್ಲೂ ಅದೇ ಪೇಚು ತಾನೆ?

ಒತ್ತಕ್ಷರ
ಪುಸ್ತಕಕ್ಕಿಂತ ಭಾಷೆಯಲ್ಲೇ ಎಡವೋದು ಜಾಸ್ತಿ. 'ಅವಳಿಗೆ ಇಬ್ಬರು ಅಮ್ಮಂದಿರು' ಅಂತ ಶುರು ಮಾಡಿ ನೋಡಿ, ಕೂತವರ ತಲೆಗೆ ಬರೋದು ಅಪ್ಪನ ಇಬ್ಬರು ಹೆಂಡಿರು. ಎರಡನೆಯವರನ್ನ 'ಚಿಕ್ಕಮ್ಮ' ಅಂದರೆ ಮುಗೀತು, ಮಲತಾಯಿ ಕಥೆ ಆಗ್ಬಿಡುತ್ತೆ. 'ಆಂಟಿ' ಅಂದರೆ ನೆಂಟರು. ಅದಕ್ಕೇ ಮೊದಲ ಸಾಲಲ್ಲೇ ತಲೆ ಎಣಿಸಿಬಿಡಿ: 'ನಮ್ಮನೇಲಿ ಮೂರೇ ಜನ. ಅಮ್ಮ, ಅವ್ವ, ನಾನು.' ನಮ್ಮ ಕಡೆ ಕೆಲವು ಮನೇಲಿ ಅಜ್ಜಿಗೂ ಅವ್ವ ಅಂತಾರೆ, ಅಂಥ ಮಕ್ಕಳಿದ್ದರೆ ಮಮ್ಮಿ-ಅಮ್ಮ ಇಟ್ಕೊಳ್ಳಿ. ಹಾಗೇ ಆ ಮೊದಲ ಪುಸ್ತಕದ ಹೆಸರನ್ನ ಇದ್ದಂತೆ ಓದಬೇಡಿ. 'ಮಾಮಾ' ಅಂದ ತಕ್ಷಣ ಮಕ್ಕಳು ಚಿತ್ರದಲ್ಲಿ ಸೋದರಮಾವನ್ನ ಹುಡುಕ್ತಾರೆ!

ಪೆಂಗ್ವಿನ್ ಕಥೆಯಲ್ಲಿ ಇನ್ನೊಂದು ತೊಡಕು. ಕನ್ನಡದಲ್ಲಿ ಪ್ರಾಣಿ 'ಬಂತು, ಹೋಯ್ತು'. ಇಂಗ್ಲಿಷಿನಲ್ಲಿ ಗೊತ್ತಾಗೋ 'ಗಂಡು' ಇಲ್ಲಿ ಮಾಯ, 'ಜೋಡಿ ಪೆಂಗ್ವಿನ್' ಅಂದರೆ ಗಂಡು-ಹೆಣ್ಣು ಅಂತಲೇ ಅಂದ್ಕೋತಾರೆ. 'ರಾಯ್ ಗಂಡು, ಸಿಲೋ ಕೂಡ ಗಂಡು' ಅಂತ ಒಂದು ಸಲ ಬಿಡಿಸಿ ಹೇಳಿ, ಮುಂದೆ 'ಅವನು ಬಂದ, ಇವನು ಕೂತ' ಅಂತಲೇ ನಡೆಸಿ.

ಸೂಜಿದಾರ, ಮೂಡಿಗೆರೆ
ಇಂಗ್ಲಿಷ್ ಪುಸ್ತಕದ ಪುಟದ ಮೇಲೆ ಕನ್ನಡ ಅನುವಾದದ ಚೀಟಿ ಅಂಟಿಸೋದಾದರೆ: ರಟ್ಟಿನ ಪುಟದ ನುಣುಪಿಗೆ ನೀರಿನಂಥ ಗೋಂದು ನಿಲ್ಲಲ್ಲ, ಕಾಗದ ನೀರು ಹೀರಿ ಸುಕ್ಕಾಗುತ್ತೆ. ಸ್ಟಿಕರ್ ಶೀಟಿನ ಮೇಲೆ ಲೇಸರ್ ಪ್ರಿಂಟ್ ಹಾಕಿಸಿ, ಇಂಕ್‌ಜೆಟ್ ಆದರೆ ಒದ್ದೆ ಬೆರಳಿಗೆ ಕದಡುತ್ತೆ. ಅಕ್ಷರ 22 ಪಾಯಿಂಟ್, ಸಾಲಿನ ಅಂತರ 1.5. ಅದಕ್ಕಿಂತ ಇಕ್ಕಟ್ಟಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗಿ ಮಕ್ಕಳಿಗೆ ಓದೋಕೆ ಆಗಲ್ಲ. ಜೆರಾಕ್ಸ್ ಅಂಗಡಿಗೆ ಪಿಡಿಎಫ್ ಕೊಡಿ. ಹಳೇ 'ನುಡಿ' (ಕನ್ನಡ ಟೈಪ್ ಮಾಡೋ ತಂತ್ರಾಂಶ) ಫೈಲ್ ಕೊಟ್ಟರೆ, ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಬರೀ ಚಿತ್ತು.

ಸ್ವಂತ ಕಥೆಯಾದರೆ ಎ4 ಹಾಳೆ 4, ಮಡಚಿದರೆ 16 ಪುಟ. ಎರಡೂ ಬದಿ ಪ್ರಿಂಟ್ ಮಾಡುವಾಗ 'ಶಾರ್ಟ್ ಎಡ್ಜ್' ಆರಿಸಿ, ಇಲ್ಲಾಂದ್ರೆ ಹಿಂಬದಿ ತಲೆಕೆಳಗು. ಪಿನ್ ಹೊಡೀಬೇಡಿ, ಒಂದೇ ಮಳೆಗಾಲಕ್ಕೆ ತುಕ್ಕು ಇಳಿದು ನಡುಪುಟ ಕೆಂಪಗಾಗುತ್ತೆ. ಮಡಿಕೆಯಲ್ಲಿ ಮೂರು ತೂತು ಮಾಡಿ ನೂಲಿನಲ್ಲಿ ಹೊಲೀರಿ. ಥಂಡಿ ಹಿಡಿದ ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್ ಹಾಕಿದರೆ ಒಳಗೇ ಬೂಷ್ಟು, ಮೊದಲು ಒಣಗಿಸಿ.

ಚಿತ್ರ ಬರೆಯೋರು ಸಿಗದಿದ್ದರೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಚಿತ್ರ ಆರಿಸಿ ಕನ್ನಡದಲ್ಲೇ ಕಥೆ ಕಟ್ಟಬಹುದು, ದುಡ್ಡು ಕೊಡಬೇಕಿಲ್ಲ. ಬೇರೆಯವರ ಪುಸ್ತಕಕ್ಕೆ ಚೀಟಿ ಅಂಟಿಸಿ ಓದೋದು ಸರಿ, ಆದರೆ ಅದನ್ನೇ ಸ್ಕ್ಯಾನ್ ಮಾಡಿ ವಾಟ್ಸಾಪಿನಲ್ಲಿ ಹಂಚಬೇಡಿ.

ಕಥೆಚೀಲ
ಎಲ್ಲರಿಗೂ ಥ್ಯಾಂಕ್ಸ್. 'ಅವರಪ್ಪ ಎಲ್ಲಿ?' ಅಂತ ಯಾವುದಾದರೂ ಮಗು ಕೇಳಿದರೆ?

ಓದುಮನೆ, ಹಾಸನ
'ಈ ಮನೇಲಿ ಅಪ್ಪ ಇಲ್ಲ, ಇಬ್ಬರು ಅಮ್ಮಂದಿರು ಇದ್ದಾರೆ' ಅಂತ ಹೇಳಿ ಪುಟ ತಿರುಗಿಸಿ. ಉದ್ದುದ್ದ ವಿವರಿಸೋಕೆ ಹೋದರೆ ಅದೇನೋ ಗುಟ್ಟಿನ ವಿಷಯ ಅನ್ನಿಸುತ್ತೆ. ಗುಂಪಿನಲ್ಲಿ ಅಂಥ ಮನೆಯ ಮಗು ಇದ್ದರೆ 'ನಿಮ್ಮನೆ ಥರ, ಅಲ್ವಾ?' ಅಂತ ಅದರ ಕಡೆ ತಿರುಗಬೇಡಿ. ಆಮೇಲೆ ಚಿತ್ರ ಬರೆಸೋ ಹಾಳೆಯಲ್ಲಿ 'ಅಪ್ಪ', 'ಅಮ್ಮ' ಅಂತ ಮೊದಲೇ ಅಚ್ಚಾಗಿರೋ ಚೌಕ ಇಡಬೇಡಿ, ಖಾಲಿ ಹಾಳೆ ಕೊಡಿ. ಅಜ್ಜಿ ಜೊತೆ ಮಾತ್ರ ಇರೋ ಮಗುವಿಗೂ ಆ ಚೌಕ ಕಷ್ಟವೇ.