ರೊಟ್ಟಿಯ ಆಟಿಕೆಗೆ ಮನೆಯಲ್ಲೇ ಬಣ್ಣ ಮಾಡೋದು ಹೇಗೆ?

ಬಿಸಿಲೂರು_ಕಲಬುರಗಿ:
ನಮ್ಮ ರೊಟ್ಟಿಗೆ ಐದು ತಿಂಗಳು. ಬೀದಿಯಿಂದ ಬಂದ ನಾಯಿಮರಿ, ಜೋಳದ ರೊಟ್ಟಿ ಸಪ್ಪಳ ಕೇಳಿದರೆ ಸಾಕು, ಅಡುಗೆಮನೆಯಲ್ಲಿ ಹಾಜರ್. ಹಲ್ಲು ಬದಲಾಗುವ ವಯಸ್ಸು, ಸಿಕ್ಕಿದ್ದೆಲ್ಲ ಕಡಿಯುತ್ತಾಳೆ. ಪಕ್ಕದ ಬಡಿಗರು ಉಳಿದ ಕಟ್ಟಿಗೆಯಲ್ಲಿ ಒಂದು ಡಂಬೆಲ್ ಮಾಡಿ ಕೊಟ್ಟರು. ಬೋಳು ಬೋಳು ಅನಿಸಿತು. ಅಟ್ಟದ ಮೇಲಿದ್ದ ಹಳೇ ನೀಲಿ ಆಯಿಲ್ ಪೇಂಟ್ ಬಳಿದೆ. ಮೂರನೇ ದಿನ ವಾಂತಿಯಲ್ಲಿ ನೀಲಿ ಚಕ್ಕೆ! ಡಾಕ್ಟರ್ ಹತ್ತಿರ ಓಡಿದೆವು. ಅವಳು ಹುಷಾರಾಗಿದ್ದಾಳೆ, ಬೈಸಿಕೊಂಡಿದ್ದು ನಾನು.

ಈಗ ಹೊಸ ಡಂಬೆಲ್ ಬಂದಿದೆ. ಮೈದಾ ಗಂಜಿಗೆ ಫುಡ್ ಕಲರ್ ಕಲಸಿ ಹಚ್ಚಬಹುದಾ? ಅವಳ ಮಲಗುವ ಪೆಟ್ಟಿಗೆ ಮೇಲೂ ಹೆಸರು ಬರೆಯೋ ಆಸೆ.

ಭೀಮಾ_ದಂಡೆ (ಯಾದಗಿರಿ):
ಮೈದಾ ಬೇಡ, ಇರುವೆಗೆ ಹಬ್ಬ ಆಗುತ್ತದೆ. ಈರುಳ್ಳಿ ಸಿಪ್ಪೆ ಕುದಿಸಿ. ಬಟ್ಟೆಗೆ ಹಾಕಿದ್ದೆ, ಬಂಗಾರದಂಥ ಬಣ್ಣ ಬರುತ್ತದೆ.

ಬೀದರ್_ಬೆಕ್ಕಮ್ಮ:
ಈರುಳ್ಳಿ ಬೇಡವೇ ಬೇಡ! ನಾಯಿ, ಬೆಕ್ಕು ಎರಡಕ್ಕೂ ಅದು ವಿಷ, ರಕ್ತದ ಕೆಂಪು ಕಣ ಒಡೆಯುತ್ತದೆ. ಬಟ್ಟೆಗೆ ಸರಿ, ಬಾಯಿಗೆ ಹೋಗೋದಕ್ಕಲ್ಲ. ಚಹಾ, ಕಾಫಿ ಡಿಕಾಕ್ಷನ್ ಕೂಡ ಬೇಡ.

ನನ್ನ ಲೆಕ್ಕ ಇಷ್ಟೇ. ಕಡಿಯೋ ವಸ್ತುವಿಗೆ ಬಣ್ಣ ಬಳಿಯಬಾರದು, ಕುಡಿಸಬೇಕು. ಮನೆಯಲ್ಲೇ ಮಾಡಿದ್ದಾದರೂ ಮೇಲೆ ಪದರ ಕೂತರೆ ಹಲ್ಲಿಗೆ ಚಕ್ಕೆ ಏಳುತ್ತದೆ. ಒಂದು ಲೀಟರ್ ನೀರಿಗೆ ಎರಡು ಚಮಚ ಅರಿಶಿನ ಹಾಕಿ. ಪಾಲಿಶ್ ಇಲ್ಲದ ಕಟ್ಟಿಗೆಯನ್ನು ಅದರಲ್ಲಿ ಅರ್ಧ ಗಂಟೆ ಸಣ್ಣ ಉರಿಯಲ್ಲಿ ಕುದಿಸಿ. ನೆರಳಲ್ಲೇ ಒಣಗಿಸಿ. ನಿಮ್ಮೂರ ಬಿಸಿಲಿಗಿಟ್ಟರೆ ಅರಿಶಿನ ಬೇಗ ಮಾಸುತ್ತದೆ, ಕಟ್ಟಿಗೆಯೂ ಸೀಳುತ್ತದೆ. ಪೂಜೆ ಅರಿಶಿನ ಬೇಡ, ಅಡುಗೆಯದ್ದೇ ಇರಲಿ. ಕೆಂಪಾಗಲಿ ಅಂತ ಆರತಿ ನೀರಿನ ಹಾಗೆ ಸುಣ್ಣ ಬೆರೆಸಬೇಡಿ, ಬಾಯಿ ಸುಡುತ್ತದೆ. ಬೀಟ್‌ರೂಟ್ ನಾನೂ ನೋಡಿದೆ. ಎರಡೇ ದಿನಕ್ಕೆ ಕಂದು, ಸುಮ್ನೆ ಗ್ಯಾಸ್ ದಂಡ.

ನಾಯಿಗೆ ಕೆಂಪು, ಹಸಿರು ಬೇರೆ ಬೇರೆಯಾಗಿ ಕಾಣಲ್ಲ. ಹಳದಿ, ನೀಲಿ ಚೆನ್ನಾಗಿ ಕಾಣುತ್ತದೆ. ಅಂದ್ರೆ ಅರಿಶಿನವೇ ಅವಳ ಬಣ್ಣ.

ಪೆಟ್ಟಿಗೆ ಮಾತು ಬೇರೆ. ಹೊರಗಡೆ, ಹಲ್ಲು ಸಿಗದ ಎತ್ತರದಲ್ಲಿ ಬಳಿಯಬಹುದು. ಕೆನೆ ತೆಗೆದ ಅರ್ಧ ಲೀಟರ್ ಹಾಲನ್ನು ನಿಂಬೆರಸ ಹಿಂಡಿ ಒಡೆಸಿ. ಗಡ್ಡೆ ತೊಳೆದು ಹಿಂಡಿ. ಒಂದು ಚಮಚ ಅಡುಗೆ ಸೋಡಾ, ಸ್ವಲ್ಪ ನೀರು ಹಾಕಿ ಚೆನ್ನಾಗಿ ಕಲಸಿ ಬಿಟ್ಟರೆ ಅಂಟಾಗುತ್ತದೆ. ಅದಕ್ಕೆ ಜಾಜು ಸೇರಿಸಿ. ಅವ್ವ ಗೋಡೆಗೆ ಬಳಿಯುತ್ತಿದ್ದ ಅದೇ ಕೆಮ್ಮಣ್ಣು, ನುಣ್ಣಗೆ ಸೋಸಿದ್ದು. ಅವತ್ತೇ ಬಳಸಿ, ಮರುದಿನಕ್ಕೆ ನಾರುತ್ತದೆ. ಮಳೆ ನೀರು ತಾಗಿದರೆ ನಿಲ್ಲಲ್ಲ. ವಾಸನೆಗೆ ನೀಲಗಿರಿ ಎಣ್ಣೆ ಹಾಕೋಣ ಅನ್ನಿಸಬಹುದು. ಹಾಕಬೇಡಿ.

ಭೀಮಾ_ದಂಡೆ (ಯಾದಗಿರಿ):
ಈರುಳ್ಳಿ ವಿಷಯ ಗೊತ್ತೇ ಇರಲಿಲ್ಲ. ಮಾತು ವಾಪಸ್. ಗಿಳಿಯ ಉಯ್ಯಾಲೆಗೂ ಅರಿಶಿನ ನಡೆಯುತ್ತಾ?

ಬೀದರ್_ಬೆಕ್ಕಮ್ಮ:
ನಮ್ಮ ಹಸಿರು ಗಿಳಿ ಆದರೆ ಮೊದಲು ಅದನ್ನು ಸಾಕೋದೇ ತಪ್ಪು, 1972ರ ವನ್ಯಜೀವಿ ಕಾಯ್ದೆ ಇದೆ. ಬಜ್ರಿಗರ್ ಅನ್ನೋ ಪುಟ್ಟ ವಿದೇಶಿ ಗಿಳಿ ಆದರೆ ನಡೆಯುತ್ತದೆ. ಜಿಂಕ್ ಲೇಪದ ತಂತಿ ಮಾತ್ರ ಬಳಸಬೇಡಿ.

ಕಟ್ಟಿಗೆ_ಮಂದಿ:
ಆ ನೀಲಿ ಡಬ್ಬಿ ಯಾವ ವರ್ಷದ್ದು ನೋಡಿ. ಮನೆ ಬಣ್ಣದಲ್ಲಿ ಸೀಸ ದಶಲಕ್ಷಕ್ಕೆ 90 ಭಾಗ ದಾಟಬಾರದು ಅನ್ನೋ ನಿಯಮ ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇದಾದರೆ ಡಾಕ್ಟರಿಗೆ ಹೇಳಿ. ಉಜ್ಜಿ ತೆಗೆಯೋಕೆ ಹೋಗಬೇಡಿ, ಧೂಳು ನಿಮ್ಮ ಮೂಗಿಗೇ ಹೋಗುತ್ತದೆ.

ಬಿಸಿಲೂರು_ಕಲಬುರಗಿ:
ಡಬ್ಬಿ 2014ರದ್ದು! ಡಾಕ್ಟರಿಗೆ ಫೋನ್ ಮಾಡಿದೆ, ರಕ್ತ ಪರೀಕ್ಷೆಗೆ ನಾಳೆ ಬರೋಕೆ ಹೇಳಿದ್ದಾರೆ. ಅರಿಶಿನದ ಡಂಬೆಲ್ ಒಣಗುತ್ತಿದೆ. ನನ್ನ ಕೈ, ಪಾತ್ರೆ, ಅಡುಗೆ ಕಟ್ಟೆ ಎಲ್ಲ ಹಳದಿ. ಅವ್ವ ಇನ್ನೂ ನೋಡಿಲ್ಲ.